ಪಾಲಕ್ ಎಲೆ, ಮೊಳಕೆ ಕಾಳು, ನಮ್ಮ ಉಸಿರು: ಜೀವಕೋಶದ ಶಕ್ತಿ ವ್ಯವಹಾರವನ್ನು ಮನೆಯಲ್ಲೇ ನೋಡುವ ಸಮಗ್ರ ಮಾರ್ಗದರ್ಶಿ

ಶಾಲೆಗಳಲ್ಲಿ ವಿಜ್ಞಾನ ಮೇಳ ಹತ್ತಿರ ಬಂತು ಅಂದರೆ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. “ಎಲೆ ಚೂರು ಮುಳುಗಲೇ ಇಲ್ಲ, ಏನು ಮಾಡಲಿ?” “ಸುಣ್ಣದ ನೀರು ಬೆಳ್ಳಗಾಯ್ತು, ಆಮೇಲೆ ಮತ್ತೆ ತಿಳಿಯಾಯ್ತು.” “ಬೇಯಿಸಿದ ಕಾಳೂ ಉಸಿರಾಡ್ತಾ ಇದೆಯಲ್ಲ!” ಈ ಪ್ರಯೋಗಗಳು ಕಷ್ಟದವಲ್ಲ. ಆದರೆ ಒಂದು ಹಂತ ಹಿಂದೆ ಮುಂದೆ ಆದರೂ ಕೈಕೊಡುತ್ತವೆ. ಮಕ್ಕಳು ಬೇಜಾರಾಗಿ ಬಿಟ್ಟುಬಿಡುತ್ತಾರೆ. ಅದು ನನಗೆ ನಿಜವಾಗಿಯೂ ನೋವಿನ ವಿಷಯ. ಅದಕ್ಕೇ ಎಲ್ಲವನ್ನೂ ಕ್ರಮವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಇನ್ನೊಂದು ಕಾರಣವೂ ಇದೆ. “ಗಿಡ ಆಹಾರ ತಯಾರಿಸುತ್ತದೆ, ಪ್ರಾಣಿ ಉಸಿರಾಡುತ್ತದೆ” ಅಂತ ತುಂಬಾ ಜನರ ತಲೆಯಲ್ಲಿ ಕೂತುಬಿಟ್ಟಿದೆ. ಗಿಡವೂ ಹಗಲು ರಾತ್ರಿ ಎರಡೂ ಹೊತ್ತು ಉಸಿರಾಡುತ್ತದೆ. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ಮನಸ್ಸಿಗೆ ಹಿಡಿಯಲ್ಲ. ಒಂದೇ ಲೋಟದಲ್ಲಿ ಎಲೆ ಚೂರು ಬೆಳಕಿನಲ್ಲಿ ತೇಲಿ, ಕತ್ತಲೆಯಲ್ಲಿ ಮುಳುಗುವುದನ್ನು ನೋಡಿದರೆ ಹಿಡಿಯುತ್ತದೆ.

ಶುರು ಮಾಡುವ ಮುಂಚೆ ಇಷ್ಟು ತಿಳಿದಿರಲಿ

ಹಸಿರು ಕೋಶದೊಳಗೆ ಕ್ಲೋರೋಪ್ಲಾಸ್ಟ್ ಎಂಬ ಪುಟ್ಟ ಅಂಗಗಳಿವೆ. ಅವು ಬೆಳಕನ್ನು ಹಿಡಿದು, ನೀರು ಮತ್ತು ಇಂಗಾಲದ ಡೈಆಕ್ಸೈಡ್ ಸೇರಿಸಿ ಸಕ್ಕರೆ ಕಟ್ಟುತ್ತವೆ. ಆಮ್ಲಜನಕ ಹೊರಗೆ ಬರುತ್ತದೆ. ಇದು ದ್ಯುತಿಸಂಶ್ಲೇಷಣೆ.

ಆದರೆ ಸಕ್ಕರೆ ಎಂದರೆ ಮನೆಯಲ್ಲಿಟ್ಟ ಅಕ್ಕಿ ಮೂಟೆ ಇದ್ದ ಹಾಗೆ. ಮೂಟೆ ನೋಡಿದರೆ ಹೊಟ್ಟೆ ತುಂಬಲ್ಲ, ಅನ್ನ ಆಗಬೇಕು ಅಲ್ವಾ? ಕೋಶಕ್ಕೆ ಆ ಅನ್ನ ಎಂದರೆ ಎಟಿಪಿ ಎಂಬ ಅಣು. ಸಕ್ಕರೆಯ ಮೊದಲ ಒಡೆತ ಕೋಶರಸದಲ್ಲಿ ಆಗುತ್ತದೆ, ಉಳಿದ ದೊಡ್ಡ ಕೆಲಸ ಮೈಟೊಕಾಂಡ್ರಿಯಾ ಎಂಬ ಇನ್ನೊಂದು ಬಗೆಯ ಪುಟ್ಟ ಅಂಗಗಳಲ್ಲಿ. ಹೀಗೆ ಸಕ್ಕರೆ ಒಡೆದು ಎಟಿಪಿ ಮಾಡಿಕೊಳ್ಳುವುದೇ ಕೋಶದ ಉಸಿರಾಟ. ಆಮ್ಲಜನಕ ಇದ್ದರೆ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30ರಿಂದ 32 ಎಟಿಪಿ ಸಿಗುತ್ತದೆ. ಹಳೆಯ ಪುಸ್ತಕಗಳಲ್ಲಿ 36 ಅಥವಾ 38 ಅಂತ ಇರುತ್ತದೆ, ಗಾಬರಿ ಬೇಡ. ಆಮ್ಲಜನಕ ಇಲ್ಲದಿದ್ದರೆ ಸಿಗುವುದು ಬರೀ 2.

ಮೈಟೊಕಾಂಡ್ರಿಯಾ ಪ್ರಾಣಿಕೋಶದಲ್ಲೂ ಇದೆ, ಗಿಡದ ಕೋಶದಲ್ಲೂ ಇದೆ. ಈ ಒಂದು ಮಾತನ್ನು ಚಾರ್ಟ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಬಿಡಿ. ಮುಂದಿನ ಪ್ರಯೋಗಗಳೆಲ್ಲ ನಿಂತಿರುವುದು ಇದರ ಮೇಲೆ.

ಬೇಕಾದ ಸಾಮಾನು

ಸೂಜಿ ಇಲ್ಲದ 10 ಅಥವಾ 20 ಮಿ.ಲೀ. ಸಿರಿಂಜ್, ಪೇಪರ್ ಪಂಚಿಂಗ್ ಯಂತ್ರ, ತಾಜಾ ಪಾಲಕ್, ಅಡುಗೆ ಸೋಡಾ, ಪಾತ್ರೆ ತೊಳೆಯುವ ಲಿಕ್ವಿಡ್, ನಾಲ್ಕು ಗಾಜಿನ ಲೋಟ, ಬಿಗಿ ಮುಚ್ಚಳದ ಮೂರು ಬಾಟಲಿ, ಒಂದು ಹಿಡಿ ಹೆಸರುಕಾಳು, ವೀಳ್ಯದೆಲೆಗೆ ಹಚ್ಚುವ ಸುಣ್ಣ, ಸ್ಟ್ರಾ, ಬಟ್ಟೆ ಒಣಗಿಸುವ ಕ್ಲಿಪ್, ಕಣ್ಣಿಗೆ ಕನ್ನಡಕ. ಗಡಿಯಾರ ಅಥವಾ ಮೊಬೈಲ್ ಟೈಮರ್ ಇರಲಿ.

ಎರಡು ವಿಷಯದಲ್ಲಿ ಜನ ಎಡವುತ್ತಾರೆ. ಅಡುಗೆ ಸೋಡಾ ಬೇರೆ, ಬೇಕಿಂಗ್ ಪೌಡರ್ ಬೇರೆ. ಬೇಕಿಂಗ್ ಪೌಡರ್‌ನಲ್ಲಿ ಹುಳಿ ಪದಾರ್ಥವೂ ಸೇರಿರುತ್ತದೆ, ನೀರಿಗೆ ಬಿದ್ದ ತಕ್ಷಣ ನೊರೆ ಎದ್ದು ಪ್ರಯೋಗ ಹಾಳು. ಹಾಗೆಯೇ ಸುಣ್ಣ ಬಿಳಿಯದೇ ಆಗಿರಲಿ, ಬಣ್ಣ ಹಾಕಿದ್ದು ಬೇಡ.

ಹಂತ 1: ದಿನಗಳನ್ನು ಹೊಂದಿಸಿಕೊಳ್ಳಿ

ಶನಿವಾರ ಪ್ರಯೋಗ ಎಂದಿಟ್ಟುಕೊಳ್ಳಿ. ಗುರುವಾರ ರಾತ್ರಿ ಕಾಳು ನೆನೆಹಾಕಿ. ಶುಕ್ರವಾರ ಬೆಳಿಗ್ಗೆ ನೀರು ಬಸಿದು ಹತ್ತಿ ಬಟ್ಟೆಯಲ್ಲಿ ಕಟ್ಟಿಡಿ. ಶುಕ್ರವಾರ ಸಂಜೆ ಸುಣ್ಣದ ನೀರು ಕಲಸಿಡಿ. ಪಾಲಕ್ ಮಾತ್ರ ಶನಿವಾರ ಬೆಳಿಗ್ಗೆಯೇ ತನ್ನಿ.

ಎಲ್ಲವನ್ನೂ ಅದೇ ದಿನ ಬೆಳಿಗ್ಗೆ ಶುರು ಮಾಡಿದವರು ಮಧ್ಯಾಹ್ನ ನನಗೆ ಫೋನ್ ಮಾಡುತ್ತಾರೆ. ಸುಣ್ಣದ ನೀರು ತಿಳಿಯಾಗಿರುವುದಿಲ್ಲ, ಕಾಳು ಬರೀ ಉಬ್ಬಿರುತ್ತದೆ, ಮೊಳಕೆಯ ಸುಳಿವೇ ಇರುವುದಿಲ್ಲ.

ಹಂತ 2: ಸುಣ್ಣದ ತಿಳಿನೀರು ಮಾಡಿ, ಮೊದಲು ಅದನ್ನೇ ಪರೀಕ್ಷಿಸಿ

ಅರ್ಧ ಲೀಟರ್ ತಣ್ಣೀರಿಗೆ ಒಂದು ಟೀ ಚಮಚ ಸುಣ್ಣ ಹಾಕಿ, ಮುಚ್ಚಿ, ಚೆನ್ನಾಗಿ ಕುಲುಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನು ಮಾತ್ರ ನಿಧಾನ ಬಗ್ಗಿಸಿ, ಮಡಿಸಿದ ಬಟ್ಟೆಯಲ್ಲಿ ಸೋಸಿ. ನೀರಿನ ಹಾಗೆಯೇ ತಿಳಿಯಾಗಿ ಕಾಣಬೇಕು.

“ಬಿಸಿನೀರಿನಲ್ಲಿ ಬೇಗ ಕರಗುತ್ತೆ” ಅಂತ ಕಾಯಿಸಬೇಡಿ. ಸುಣ್ಣ ಸಕ್ಕರೆಯ ಹಾಗಲ್ಲ. ಬಿಸಿ ಜಾಸ್ತಿ ಆದಷ್ಟೂ ಅದು ಕಡಿಮೆ ಕರಗುತ್ತದೆ. ತಣ್ಣೀರಿನಲ್ಲೂ ಕರಗುವುದು ಲೀಟರ್‌ಗೆ 2 ಗ್ರಾಂಗಿಂತ ಕಡಿಮೆ. ತಳದಲ್ಲಿ ರಾಶಿ ಉಳಿದರೆ ಚಿಂತೆ ಬೇಡ.

ಈಗ ಪರೀಕ್ಷೆ. 20 ಮಿ.ಲೀ. ತಿಳಿನೀರನ್ನು ಲೋಟಕ್ಕೆ ಹಾಕಿ, ಸ್ಟ್ರಾದಿಂದ ಮೆಲ್ಲಗೆ ಊದಿ. ಸ್ವಲ್ಪ ಹೊತ್ತಿನಲ್ಲೇ ಹಾಲಿನ ಹಾಗೆ ಆಗಬೇಕು. ನಾವು ಒಳಗೆಳೆಯುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು ಶೇ. 0.04 ಮಾತ್ರ. ಹೊರಬಿಡುವ ಗಾಳಿಯಲ್ಲಿ ಸುಮಾರು ಶೇ. 4. ಆ ಅನಿಲ ಸುಣ್ಣದ ಜೊತೆ ಸೇರಿ ಕರಗದ ಬಿಳಿ ಪುಡಿ ಆಗುತ್ತದೆ. ಊದಿದರೂ ಬೆಳ್ಳಗಾಗದಿದ್ದರೆ ನಿಮ್ಮ ಸುಣ್ಣದ ನೀರೇ ಸರಿಯಿಲ್ಲ. ಮುಂದೆ ಹೋಗಬೇಡಿ, ಹೊಸದಾಗಿ ಮಾಡಿ.

ಬೆಳ್ಳಗಾದ ತಕ್ಷಣ ಊದುವುದನ್ನು ನಿಲ್ಲಿಸಿ. ಇಲ್ಲೇ ಹೆಚ್ಚಿನ ಮಕ್ಕಳು ದಾರಿ ತಪ್ಪುವುದು. ಇನ್ನೂ ಊದುತ್ತಾ ಹೋದರೆ ಆ ಬಿಳಿ ಪುಡಿ ಮತ್ತೆ ಕರಗುವ ಬೈಕಾರ್ಬೊನೇಟ್ ಆಗಿ ನೀರು ತಿಳಿಯಾಗುತ್ತದೆ. ನೋಡುವವರಿಗೆ “ಏನೂ ಆಗಲಿಲ್ಲ” ಅನ್ನಿಸುತ್ತದೆ. ಆಗಿದ್ದು ಜಾಸ್ತಿಯೇ!

ಎಚ್ಚರಿಕೆ: ಸುಣ್ಣದ ನೀರು ಕಣ್ಣಿಗೆ ಬಿದ್ದರೆ ದೊಡ್ಡ ತೊಂದರೆ. ಕನ್ನಡಕ ಹಾಕಿಯೇ ಊದಿ. ಬಿದ್ದರೆ ತಕ್ಷಣ ಹರಿಯುವ ನೀರಿನಲ್ಲಿ ತುಂಬಾ ಹೊತ್ತು ತೊಳೆದು, ಡಾಕ್ಟರ್ ಹತ್ತಿರ ಹೋಗಿ. ಸಣ್ಣ ಮಕ್ಕಳು ಮರೆತು ಸ್ಟ್ರಾದಲ್ಲಿ ಹೀರಿಬಿಡುತ್ತಾರೆ. ಸ್ಟ್ರಾದ ಮೇಲ್ಭಾಗದಲ್ಲಿ ಸೂಜಿಯಿಂದ ಒಂದು ಸಣ್ಣ ತೂತು ಮಾಡಿ. ಊದಲು ಅಡ್ಡಿಯಿಲ್ಲ, ಹೀರಿದರೆ ಗಾಳಿ ಬರುತ್ತದೆಯೇ ಹೊರತು ನೀರು ಬಾಯಿಗೆ ಸುಲಭವಾಗಿ ಏರಲ್ಲ.

ಹಂತ 3: ಎಲೆ ಚೂರನ್ನು ಮುಳುಗಿಸಿ, ಆಮೇಲೆ ತೇಲಿಸಿ

ಇದು ಇಡೀ ಕೆಲಸದ ಜೀವಾಳ. ನಿಧಾನವಾಗಿ ಓದಿ, ಒಮ್ಮೆ ಅಭ್ಯಾಸ ಮಾಡಿ, ಆಮೇಲೆ ಬೇರೆಯವರಿಗೆ ತೋರಿಸಿ.

ಎಲೆಯೊಳಗೆ ಕೋಶಗಳ ನಡುವೆ ಗಾಳಿಯ ಜಾಗ ಇದೆ. ಅದಕ್ಕೇ ಎಲೆ ನೀರಿನ ಮೇಲೆ ತೇಲುತ್ತದೆ. ಆ ಗಾಳಿ ತೆಗೆದು ನೀರು ತುಂಬಿಸಿದರೆ ಮುಳುಗುತ್ತದೆ. ಬೆಳಕು ಬಿದ್ದಾಗ ಕ್ಲೋರೋಪ್ಲಾಸ್ಟ್ ಆಮ್ಲಜನಕ ಮಾಡುತ್ತದೆ, ಆ ಅನಿಲ ಒಳಗೆ ತುಂಬಿ ಚೂರು ಮತ್ತೆ ಮೇಲೆ ಬರುತ್ತದೆ.

1. ಪಾಲಕ್ ಕಟ್ಟನ್ನು ಬೇರು ಅಥವಾ ದಂಟು ನೀರಿನಲ್ಲಿರುವಂತೆ ಇಟ್ಟು, ಒಂದು ಗಂಟೆ ಬೆಳಕಿನಲ್ಲಿ ಬಿಡಿ. ಬಾಡಿದ, ಫ್ರಿಜ್‌ನಲ್ಲಿ ದಿನಗಟ್ಟಲೆ ಇದ್ದ ಎಲೆಯ ಪತ್ರರಂಧ್ರಗಳು (ಗಾಳಿ ಆಡುವ ಸಣ್ಣ ತೂತುಗಳು) ಮುಚ್ಚಿರುತ್ತವೆ, ನೀರು ಒಳಗೆ ಹೋಗಲು ಸತಾಯಿಸುತ್ತದೆ.

2. 300 ಮಿ.ಲೀ. ನೀರಿಗೆ ಕಾಲು ಟೀ ಚಮಚದಲ್ಲಿ ಅರ್ಧದಷ್ಟು ಸೋಡಾ ಹಾಕಿ ಕರಗಿಸಿ. ಇದು ಎಲೆಗೆ ಇಂಗಾಲದ ಮೂಲ. ಸೋಪಿನ ಲಿಕ್ವಿಡ್ ಒಂದೇ ಹನಿ. ಎಲೆಯ ಮೇಲಿನ ಮೇಣದ ಪದರ ನೀರನ್ನು ದೂಡುತ್ತದೆ, ಸೋಪು ಅದನ್ನು ಒದ್ದೆಯಾಗಿಸುತ್ತದೆ. ನೊರೆ ಬಂದರೆ ಜಾಸ್ತಿ ಆಯ್ತು ಅಂತ ಅರ್ಥ. ಇನ್ನಷ್ಟು ಸೋಡಾ ದ್ರಾವಣ ಬೆರೆಸಿ ತಿಳಿ ಮಾಡಿಕೊಳ್ಳಿ.

3. ದಪ್ಪ ನರ ಬಿಟ್ಟು, ಎಲೆಯ ಬಯಲಿನಲ್ಲಿ ಪಂಚ್ ಮಾಡಿ 10 ಚೂರು ತೆಗೆಯಿರಿ.

4. ಸಿರಿಂಜ್‌ನ ಹಿಡಿಕೆ ಹೊರತೆಗೆದು ಚೂರುಗಳನ್ನು ಒಳಗೆ ಹಾಕಿ. ಹಿಡಿಕೆ ತೂರಿಸುವಾಗ ಚೂರು ಜಜ್ಜಿ ಹೋಗದಂತೆ ಸ್ವಲ್ಪ ಜಾಗ ಬಿಡಿ. ಸುಮಾರು 5 ಮಿ.ಲೀ. ದ್ರಾವಣ ಎಳೆದುಕೊಳ್ಳಿ. ತುದಿ ಮೇಲೆ ಮಾಡಿ ಒಳಗಿನ ಗಾಳಿ ಹೊರದೂಡಿ.

5. ತುದಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ, ಹಿಡಿಕೆಯನ್ನು ಹಿಂದಕ್ಕೆ ಎಳೆದು 10 ಸೆಕೆಂಡ್ ಹಿಡಿಯಿರಿ. ಚೂರುಗಳ ಅಂಚಿನಿಂದ ಸಣ್ಣ ಗುಳ್ಳೆ ಹೊರಡುವುದು ಕಾಣುತ್ತದೆ. ಎಳೆದು ಹಿಡಿದಿರುವಾಗಲೇ ಸಿರಿಂಜ್ ಕುಲುಕಿ, ಅಂಟಿದ ಗುಳ್ಳೆ ಬಿಡಿಸಿ. ಆಮೇಲೆ ಹಿಡಿಕೆ ಸಡಿಲಿಸಿ, ಬೆರಳು ತೆಗೆಯಿರಿ.

6. ಎರಡು ಮೂರು ಸಲ ಹೀಗೆ ಮಾಡಿದರೆ ಚೂರುಗಳು ತಳಕ್ಕೆ ಇಳಿಯುತ್ತವೆ. ಲೋಟಕ್ಕೆ ಸುರಿದು, ದ್ರಾವಣ 3 ಸೆಂ.ಮೀ. ಎತ್ತರ ಬರುವಷ್ಟು ತುಂಬಿ.

ಐದನೆಯ ಹೆಜ್ಜೆಯಲ್ಲಿ ಕುಲುಕುವುದನ್ನು ಬಿಟ್ಟವರದ್ದೇ ಮುಳುಗದಿರುವುದು. ಗುಳ್ಳೆ ಚೂರಿಗೆ ಅಂಟಿಕೊಂಡಿದ್ದರೆ, ಹಿಡಿಕೆ ಬಿಟ್ಟಾಗ ಅದೇ ಗಾಳಿ ವಾಪಸ್ ಒಳಗೆ ಹೋಗುತ್ತದೆ. ಆರೇಳು ಸಲ ಎಳೆದರೂ ಮುಳುಗದಿದ್ದರೆ ಆ ಎಲೆ ಬಿಟ್ಟು ಬೇರೆ ಎಲೆ ತೆಗೆದುಕೊಳ್ಳಿ. ಜೋರು ಮಾಡಿ ಎಳೆದೆಳೆದು ಕೋಶಗಳನ್ನೇ ಗಾಯ ಮಾಡಿದರೆ ಚೂರು ಮುಳುಗುತ್ತದೆ, ಆದರೆ ಮತ್ತೆ ಏಳಲ್ಲ. ಕಡು ಹಸಿರಾಗಿ, ನೀರು ಕುಡಿದ ಕಾಗದದಂತೆ ಪಾರದರ್ಶಕವಾಗುವುದು ಸಹಜ. ಕಂದು ಬಣ್ಣಕ್ಕೆ ತಿರುಗಿದರೆ, ಮುದ್ದೆಯಾದರೆ ಅದು ಸತ್ತ ಎಲೆ. ದೊಡ್ಡಪತ್ರೆಯಂಥ ರೋಮದ ಎಲೆ ಬೇಡವೇ ಬೇಡ, ರೋಮದ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ.

ಈಗ ಲೋಟವನ್ನು ಬಿಸಿಲಿಗೆ ಅಥವಾ ಎಲ್ಇಡಿ ಬಲ್ಬ್‌ನಿಂದ 15 ಸೆಂ.ಮೀ. ದೂರಕ್ಕೆ ಇಡಿ. ಪ್ರತಿ ನಿಮಿಷ ಎಷ್ಟು ತೇಲಿದವು ಅಂತ ಬರೆದುಕೊಳ್ಳಿ. ಮೊದಲ ಕೆಲವು ನಿಮಿಷ ಏನೂ ಆಗಲ್ಲ. ಆಮೇಲೆ ಕಣ್ಣು ಹತ್ತಿರ ಇಟ್ಟು ನೋಡಿ. ಯಾವುದೋ ಒಂದು ಚೂರಿನ ಅಂಚಿಗೆ ಸೂಜಿಮೊನೆಯಷ್ಟು ಬೆಳ್ಳಿ ಗುಳ್ಳೆ ಕಾಣುತ್ತದೆ. ಆ ಅಂಚು ಮೊದಲು ಏಳುತ್ತದೆ. ಚೂರು ನಾಣ್ಯ ನಿಲ್ಲಿಸಿದ ಹಾಗೆ ನೆಟ್ಟಗೆ ನಿಲ್ಲುತ್ತದೆ, ಒಂದು ಕ್ಷಣ ತೂಗಾಡಿ, ಸರ್ರನೆ ಮೇಲಕ್ಕೆ ಬರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಆ ಕ್ಷಣ ಹೊಸದೇ.

ಸಾಮಾನ್ಯವಾಗಿ 5ರಿಂದ 20 ನಿಮಿಷದಲ್ಲಿ ಹೆಚ್ಚಿನವು ತೇಲುತ್ತವೆ. ಕೊನೆಯ ಚೂರಿಗೆ ಕಾಯಬೇಡಿ. 10ರಲ್ಲಿ 5 ತೇಲಲು ಹಿಡಿದ ಸಮಯ ಬರೆದುಕೊಳ್ಳಿ, ಹೋಲಿಕೆಗೆ ಅದೇ ನಂಬಿಕಸ್ತ ಲೆಕ್ಕ.

ಪಕ್ಕದ ಲೋಟ ಮರೆಯಬೇಡಿ. ಸೋಡಾ ಇಲ್ಲದ ನೀರು, ಅಷ್ಟೇ ಸೋಪು, ಅಷ್ಟೇ ಚೂರು, ಅದೇ ಬೆಳಕು. ಅಲ್ಲಿನ ಚೂರು ತಳದಲ್ಲೇ ಇರಬೇಕು. ಇಲ್ಲಿ ನಮ್ಮ ಕಡೆಯ ಒಂದು ದೊಡ್ಡ ತೊಡಕಿದೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಬೈಕಾರ್ಬೊನೇಟ್, ಅಂದರೆ ಸೋಡಾದಲ್ಲಿರುವ ಅದೇ ಇಂಗಾಲದ ಮೂಲ, ಮೊದಲೇ ಕರಗಿರುತ್ತದೆ. ಸೋಡಾ ಹಾಕದಿದ್ದರೂ ಚೂರು ತೇಲಿಬಿಡುತ್ತದೆ! ಹೋಲಿಕೆಯ ಲೋಟಕ್ಕೆ ಕುದಿಸಿ, ಮುಚ್ಚಿ ಆರಿಸಿದ ನೀರು ಅಥವಾ ಡಿಸ್ಟಿಲ್ಡ್ ವಾಟರ್ ಬಳಸಿ. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕೂರುವ ಮನೆಯವರು ಇದನ್ನು ತಪ್ಪದೇ ಮಾಡಬೇಕು.

ಹಳೆಯ ಬಿಸಿ ಬಲ್ಬ್ ಬಳಸಿದರೆ ಇನ್ನೊಂದು ಮೋಸ ಆಗುತ್ತದೆ. ನೀರು ಬಿಸಿಯಾಗಿ, ಅದರಲ್ಲಿ ಕರಗಿದ್ದ ಗಾಳಿಯೇ ಗುಳ್ಳೆಯಾಗಿ ಬರುತ್ತದೆ. ಲೋಟದ ಗೋಡೆಯ ಮೇಲೂ ಗುಳ್ಳೆ ಕಂಡರೆ ಅದೇ ಸೂಚನೆ. ಬಲ್ಬಿಗೂ ಲೋಟಕ್ಕೂ ನಡುವೆ ಗಾಜಿನ ಪಾತ್ರೆಯಲ್ಲಿ ತಣ್ಣೀರು ಇಡಿ.

ಹಂತ 4: ಅದೇ ಲೋಟಕ್ಕೆ ಕತ್ತಲೆ ಕೊಡಿ

ಎಲ್ಲ ಚೂರೂ ತೇಲಿದ ಮೇಲೆ ಕೆಲಸ ಮುಗಿಯಿತು ಅಂತ ಲೋಟ ತೊಳೆಯುತ್ತಾರೆ. ತೊಳೆಯಬೇಡಿ. ಈಗಲೇ ಒಳ್ಳೆಯ ಭಾಗ.

ಲೋಟದ ಮೇಲೆ ಬೆಳಕು ನುಸುಳದ ಡಬ್ಬಿ ಕವುಚಿ. ಐದೈದು ನಿಮಿಷಕ್ಕೊಮ್ಮೆ ಲೋಟವನ್ನು ಮೆಲ್ಲಗೆ ಅಲುಗಾಡಿಸಿ, ಮೇಲ್ಮೈಗೆ ಅಂಟಿದ ಚೂರು ಬಿಡಲಿ. ಒಂದೊಂದಾಗಿ ಚೂರುಗಳು ಮತ್ತೆ ಕೆಳಗೆ ಇಳಿಯುತ್ತವೆ. ಕೆಲವು ಎಲೆಗಳು ಒಂದು ಗಂಟೆಗಿಂತ ಜಾಸ್ತಿ ತೆಗೆದುಕೊಳ್ಳಬಹುದು. ಅವಸರ ಪಟ್ಟು “ಮುಳುಗಲಿಲ್ಲ” ಎಂದು ಬರೆಯಬೇಡಿ.

ಯಾಕೆ ಮುಳುಗಿದವು? ಕತ್ತಲೆಯಲ್ಲಿ ಆಮ್ಲಜನಕ ತಯಾರಿ ನಿಂತಿದೆ. ಎಲೆಯ ಮೈಟೊಕಾಂಡ್ರಿಯಾ ಮಾತ್ರ ಕೆಲಸ ನಿಲ್ಲಿಸಿಲ್ಲ. ಕೂಡಿಟ್ಟ ಅದೇ ಆಮ್ಲಜನಕ ಬಳಸಿ ಸಕ್ಕರೆ ಒಡೆಯುತ್ತಿದೆ. ಬದಲಿಗೆ ಹೊರಬರುವ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಸುಲಭವಾಗಿ ಕರಗಿಹೋಗುತ್ತದೆ, ಗುಳ್ಳೆಯಾಗಿ ನಿಲ್ಲಲ್ಲ. ಒಳಗಿನ ಅನಿಲ ಕಡಿಮೆಯಾಗಿ ಚೂರು ಭಾರವಾಯಿತು. ಹಗಲಲ್ಲೂ ಈ ಉಸಿರಾಟ ನಡೆಯುತ್ತಲೇ ಇತ್ತು, ತಯಾರಿ ಅದಕ್ಕಿಂತ ಜಾಸ್ತಿ ಇದ್ದುದರಿಂದ ನಮಗೆ ಕಾಣಲಿಲ್ಲ ಅಷ್ಟೆ.

ಹಂತ 5: ಮೊಳಕೆ ಕಾಳಿನ ಉಸಿರು ಹಿಡಿಯಿರಿ

ಶನಿವಾರ ಬೆಳಿಗ್ಗೆ ಕಾಳಿನ ಗಂಟು ಬಿಚ್ಚುವ ಮುಂಚೆ ಅಂಗೈಯಲ್ಲಿ ಹಿಡಿದು ನೋಡಿ. ದೊಡ್ಡ ಗಂಟಾದರೆ ಒಳಗೆ ಬೆಚ್ಚಗಿರುತ್ತದೆ. ಸಕ್ಕರೆ ಒಡೆದಾಗ ಬಂದ ಶಕ್ತಿಯೆಲ್ಲ ಎಟಿಪಿ ಆಗಲ್ಲ, ಒಂದು ಪಾಲು ಶಾಖವಾಗಿ ಹೋಗುತ್ತದೆ. ಮನೆಯಲ್ಲಿ ಅಜ್ಜಿ “ಕಾಳು ಬೆಚ್ಚಗೆ ಬಂದಿದೆ, ಮೊಳಕೆ ಒಡೆದಿದೆ” ಎನ್ನುವುದು ಇದನ್ನೇ.

ಮೊಳಕೆ ಅರ್ಧ ಸೆಂ.ಮೀ. ಬಂದಿರಲಿ. ಮೂರು ಬಾಟಲಿ ಸಿದ್ಧ ಮಾಡಿ. ಒಂದರಲ್ಲಿ ಮೊಳಕೆ ಕಾಳು. ಎರಡನೆಯದರಲ್ಲಿ ಅಷ್ಟೇ ಮೊಳಕೆ ಕಾಳನ್ನು 10 ನಿಮಿಷ ಕುದಿಸಿ, ಪೂರ್ತಿ ಆರಿಸಿ ಹಾಕಿದ್ದು. ಮೂರನೆಯದು ಖಾಲಿ. ಮೂರರಲ್ಲೂ ಸಣ್ಣ ಬಟ್ಟಲಿನಲ್ಲಿ ಸಮ ಅಳತೆಯ ಸುಣ್ಣದ ತಿಳಿನೀರು ಇಟ್ಟು, ಒಂದೇ ಹೊತ್ತಿಗೆ ಮುಚ್ಚಿ, ಕಪ್ಪು ಬಟ್ಟೆ ಹೊದಿಸಿ. ಕಾಳು ಬಟ್ಟಲಿಗೆ ಬೀಳಬಾರದು.

ಎರಡು ಮೂರು ಗಂಟೆ ಬಿಟ್ಟು ನೋಡಿ. ಮೊಳಕೆ ಬಾಟಲಿಯ ಸುಣ್ಣದ ನೀರಿನ ಮೇಲೆ ದಪ್ಪ ಬಿಳಿ ಪೊರೆ ಕಟ್ಟಿರುತ್ತದೆ. ಅಲುಗಾಡಿಸಿದರೆ ಹಾಲಿನ ಬಣ್ಣ. ಉಳಿದೆರಡರಲ್ಲಿ ತೆಳು ಪೊರೆ ಕಂಡರೆ ಅದು ಬಾಟಲಿಯೊಳಗಿನ ಮಾಮೂಲಿ ಗಾಳಿಯದು. ಖಾಲಿ ಬಾಟಲಿ ಇಟ್ಟಿದ್ದು ಅದಕ್ಕೇ.

ಬೇಯಿಸಿದ ಕಾಳಿನ ಬಾಟಲಿಯನ್ನು ಮರುದಿನದವರೆಗೆ ಬಿಟ್ಟವರಿಗೆ ಅದೂ ಬೆಳ್ಳಗಾಗಿ ಕಾಣುತ್ತದೆ. ಉಸಿರಾಡುತ್ತಿರುವುದು ಕಾಳಲ್ಲ, ಅದರ ಮೇಲೆ ಬೆಳೆದ ಬ್ಯಾಕ್ಟೀರಿಯಾ ಮತ್ತು ಬೂಸ್ಟು. ಹುಳಿ ವಾಸನೆ, ಲೋಳೆ, ಮೋಡದಂಥ ನೀರು ಕಂಡರೆ ಆ ಫಲಿತಾಂಶ ಬಿಟ್ಟುಬಿಡಿ. ನಾಲ್ಕು ಗಂಟೆಯೊಳಗೆ ಓದಿ ಮುಗಿಸಿ. ಆ ಕಾಳನ್ನು ತಿನ್ನಬೇಡಿ.

ಹಂತ 6: ಪ್ರಾಣಿಕೋಶಕ್ಕೆ ನಿಮ್ಮ ಮೈಯನ್ನೇ ಬಳಸಿ

ಇದಕ್ಕೆ ಬೇರೆ ಪ್ರಾಣಿ ತರಬೇಕಿಲ್ಲ. ಕೂತು ವಿಶ್ರಾಂತಿ ತೆಗೆದುಕೊಂಡು 20 ಮಿ.ಲೀ. ತಿಳಿನೀರಿಗೆ ಊದಿ, ಬೆಳ್ಳಗಾಗಲು ಎಷ್ಟು ಸೆಕೆಂಡ್ ಬೇಕು ನೋಡಿ. ಒಂದು ನಿಮಿಷ ಸ್ಕಿಪ್ಪಿಂಗ್ ಮಾಡಿ ತಕ್ಷಣ ಹೊಸ 20 ಮಿ.ಲೀ.ಗೆ ಊದಿ. ಸಾಮಾನ್ಯವಾಗಿ ಎರಡನೆಯ ಸಲ ಬೇಗ. ಆದರೆ ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಊದಿದರೆ ಲೆಕ್ಕ ಹಾಳು. ಲೋಟ, ಅಳತೆ, ಸ್ಟ್ರಾ, ಊದುವ ವ್ಯಕ್ತಿ ಎಲ್ಲ ಒಂದೇ ಇರಲಿ. ಉಬ್ಬಸ ಇರುವ ಮಕ್ಕಳಿಂದ ಇದನ್ನು ಮಾಡಿಸಬೇಡಿ. ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ.

ಆಮೇಲೆ ಬಟ್ಟೆ ಕ್ಲಿಪ್. ಹೆಬ್ಬೆರಳು ಮತ್ತು ತೋರುಬೆರಳಿನಿಂದ 30 ಸೆಕೆಂಡ್‌ನಲ್ಲಿ ಎಷ್ಟು ಸಲ ಪೂರ್ತಿ ತೆರೆಯುತ್ತೀರಿ ಎಣಿಸಿ. ನಡುವೆ ಬಿಡುವಿಲ್ಲದೆ ಐದು ಸುತ್ತು. ಸುತ್ತಿನಿಂದ ಸುತ್ತಿಗೆ ಎಣಿಕೆ ಇಳಿಯುತ್ತದೆ. ಎರಡು ನಿಮಿಷ ಕೈ ಬಿಟ್ಟು ಮತ್ತೆ ಮಾಡಿದರೆ ಏರುತ್ತದೆ. ಅರ್ಧಂಬರ್ಧ ತೆರೆದಿದ್ದನ್ನು ಎಣಿಸಬೇಡಿ.

ಸ್ನಾಯುವಿನಲ್ಲಿ ಸಿದ್ಧವಾಗಿರುವ ಎಟಿಪಿ ಕೆಲವೇ ಸೆಕೆಂಡಿಗೆ ಸಾಕಾಗುವಷ್ಟು. ಮುಂದಿನದ್ದನ್ನು ಕೋಶ ಆಗಿಂದಾಗಲೇ ಮಾಡಿಕೊಳ್ಳಬೇಕು. ನಮ್ಮ ದೇಹ ದಿನವೊಂದಕ್ಕೆ ಮಾಡಿ ಬಳಸುವ ಎಟಿಪಿ ಹೆಚ್ಚುಕಡಿಮೆ ನಮ್ಮ ತೂಕದಷ್ಟೇ, ಅದನ್ನೇ ಮತ್ತೆ ಮತ್ತೆ ಕಟ್ಟಿ ಬಿಚ್ಚಿ ಬಳಸುತ್ತದೆ. ಆಮ್ಲಜನಕ ಸಾಲದಷ್ಟು ವೇಗದ ಕೆಲಸ ಬಿದ್ದಾಗ ಸ್ನಾಯು 2 ಎಟಿಪಿಯ ದಾರಿಯನ್ನೂ ಹಿಡಿಯುತ್ತದೆ, ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಮ್ಲದ ರೂಪ) ಹುಟ್ಟುತ್ತದೆ. “ಮರುದಿನದ ಮೈಕೈ ನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣ” ಅಂತ ಚಾರ್ಟ್‌ನಲ್ಲಿ ದಯವಿಟ್ಟು ಬರೆಯಬೇಡಿ. ಅದು ಒಂದೆರಡು ಗಂಟೆಯೊಳಗೆ ರಕ್ತದಿಂದ ಖಾಲಿಯಾಗಿರುತ್ತದೆ. ಮರುದಿನದ ನೋವು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಪೆಟ್ಟಿನದು.

ಹಂತ 7: ಸಮಯ ಉಳಿದರೆ, ತಯಾರಿ ಮತ್ತು ಖರ್ಚು ಸಮ ಆಗುವ ಜಾಗ ಹುಡುಕಿ

ಮೂರನೆಯ ಹಂತದ ಹಾಗೆ ಮುಳುಗಿಸಿದ ಚೂರುಗಳ ನಾಲ್ಕು ಲೋಟ ಮಾಡಿ. ಒಂದು ಕಿಟಕಿ ಪಕ್ಕ, ಉಳಿದವು ಕೋಣೆಯೊಳಗೆ ಒಂದೊಂದು ಮೀಟರ್ ಹಿಂದೆ. ಒಂದು ಗಂಟೆ ಬಿಡಿ. ಕಿಟಕಿ ಪಕ್ಕದ್ದು ಬೇಗ ತೇಲುತ್ತದೆ, ಒಳಗೆ ಹೋದಷ್ಟೂ ತಡ. ಎಲ್ಲೋ ಒಂದು ಕಡೆ ಚೂರು ಏಳುವುದೇ ಇಲ್ಲ.

ಆ ಲೋಟದಲ್ಲಿ ಎಲೆ ಸತ್ತಿಲ್ಲ, ಸುಮ್ನೆ ಕೂತೂ ಇಲ್ಲ. ಮಾಡಿದ ಆಮ್ಲಜನಕ ಹೆಚ್ಚುಕಡಿಮೆ ಅದರ ಉಸಿರಾಟಕ್ಕೇ ಖರ್ಚಾಗುತ್ತಿದೆ, ತೇಲಲು ಬೇಕಾದಷ್ಟು ಉಳಿಯುತ್ತಿಲ್ಲ. ಅನುಮಾನ ಬಂದರೆ ಅದೇ ಲೋಟವನ್ನು ಕಿಟಕಿಗೆ ತಂದಿಡಿ. ಚೂರು ಎದ್ದರೆ ಎಲೆ ಜೀವಂತ ಇತ್ತು, ಬೆಳಕು ಸಾಲದೆ ಇತ್ತು. ಏಳದಿದ್ದರೆ ಸಿರಿಂಜ್ ಎಳೆಯುವಾಗ ಗಾಯ ಆಗಿದೆ, ಆ ಲೋಟದ ಲೆಕ್ಕ ಬಿಡಿ. ಲೋಟ ಇದ್ದ ಜಾಗ, ಕಿಟಕಿಯಿಂದ ದೂರ, ದಿನದ ಹೊತ್ತು, ಮೋಡ ಇತ್ತೋ ಬಿಸಿಲಿತ್ತೋ ಎಲ್ಲವನ್ನೂ ಅಲ್ಲೇ ನಿಂತು ನೋಟ್‌ಬುಕ್‌ಗೆ ಬರೆದುಕೊಳ್ಳಿ.